ಹೊಲಿಗೆ ಬಿಚ್ಚೀತು, ನಗಿಸಬೇಡಿ!

ಆದವಾನಿಯ ಹತ್ತಿ ಪೇಟೆಯಲ್ಲಿ ನನಗಿಂತ ಗಂಭೀರವಾದ ದಲಾಲಿ ಇನ್ನೊಬ್ಬನಿಲ್ಲ. ಇದು ನಾನು ಕೊಚ್ಚಿಕೊಳ್ಳುವ ಮಾತಲ್ಲ, ಇಡೀ ಪೇಟೆ ಒಪ್ಪಿದ ಸಂಗತಿ. ನಮ್ಮ ಕಸುಬೇ ಅಂಥದ್ದು. ಬಾಯಿ ಬಿಟ್ಟು ದರ ಹೇಳಿದರೆ ಪಕ್ಕದವನ ಕಿವಿಗೆ ಬೀಳುತ್ತದೆ. ಆದ್ದರಿಂದ ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿದು, ಮೇಲೊಂದು ಟವಲು ಹೊದಿಸಿ, ಒಳಗೊಳಗೇ ಬೆರಳು ಒತ್ತಿ ವ್ಯಾಪಾರ ಮಾಡುತ್ತಾರೆ. ಒಂದು ಬೆರಳಿಗೆ ಒಂದು ದರ, ಎರಡು ಬೆರಳಿಗೆ ಅದಕ್ಕಿಂತ ಮೇಲು. ಇಡೀ ಕೈಯನ್ನು ಗಟ್ಟಿಯಾಗಿ ಅದುಮಿದರೆ ಮುಗಿಯಿತು, ವ್ಯಾಪಾರ ಕುದುರಿತು! ಆಮೇಲೆ ಆಕಾಶ ಕಳಚಿ ಬಿದ್ದರೂ ಮಾತು ತಿರುಗಿಸುವಂತಿಲ್ಲ. ಇಷ್ಟೆಲ್ಲ ನಡೆಯುವಾಗ ಮುಖದ ಮೇಲೆ ಒಂದು ಗೆರೆಯೂ ಅಲುಗಬಾರದು. ನನ್ನ ಮುಖ ಅಲುಗುವುದಿಲ್ಲ. ಮದುವೆಯ ದಿನವೂ ಅಲುಗಿರಲಿಲ್ಲವಂತೆ.

ಇಂಥ ನನ್ನ ಮನೆಯಲ್ಲಿ ಹೆಂಡತಿ ಗೌರಮ್ಮನಿಗೆ ಹೊಟ್ಟೆನೋವು ಬಂದು, ಬಳ್ಳಾರಿಗೆ ಕರೆದೊಯ್ದು, ಆಪರೇಷನ್ ಮಾಡಿಸಿ, ರೈಲಿನಲ್ಲಿ ಹೂವಿನಂತೆ ಎತ್ತಿಕೊಂಡು ಬಂದದ್ದಾಯಿತು. ಮರುದಿನ ನಮ್ಮೂರಿನ ಡಾಕ್ಟರು ಮನೆಗೇ ಬಂದು ಪರೀಕ್ಷೆ ಮಾಡಿದರು.

"ಮ್ಯಾಲಿನ ಗಾಯ ಮಾಯಾಕ ಹತ್ತೈತಿ. ಒಳಗಿನ ಹೊಲಿಗಿ ಮಾತ್ರ ಇನ್ನೂ ಹಸೀ ಐತಿ. ಭಾರ ಎತ್ತಬಾರ್ದು. ಕೆಮ್ಮಬಾರ್ದು. ಎಲ್ಲಾದಕ್ಕಿಂತ ಮುಖ್ಯ, ನಗಬಾರ್ದು. ಹೊಟ್ಟಿ ಹಿಡಕೊಂಡು ನಕ್ರ ಹೊಲಿಗಿ ಬಿಚ್ಚೀತು. ಬಿಚ್ಚಿದ್ರ ತಿರುಗಿ ಬಳ್ಳಾರಿ, ತಿರುಗಿ ಕತ್ತರಿ. ಅದನ್ನ ತಡಕೊಳ್ಳೋ ಶಕ್ತಿ ಈಗ ಆಕೀ ಮೈಯಾಗ ಇಲ್ಲ, ತಿಳೀತಾ?"

ನಾನು ಎದೆಯುಬ್ಬಿಸಿದೆ. "ನಗೋದಾ? ಡಾಕ್ಟರ್ ಸಾಹೇಬ್ರ, ಆ ಚಿಂತಿ ಬಿಟ್ಟುಬಿಡ್ರಿ. ಲಗ್ನ ಆದಾಗಿಂದ ನಾನು ಆಕೀನ್ನ ಒಂದ್ ದಿನಾನೂ ನಗಿಸಿಲ್ಲ!"

ಡಾಕ್ಟರು ನನ್ನನ್ನು ಒಮ್ಮೆ, ಗೌರಮ್ಮನನ್ನು ಒಮ್ಮೆ ನೋಡಿದರು. ಆಕೆ ಗೋಡೆಯ ಕಡೆ ಹೊರಳಿದಳು. ಭುಜ ಅಲುಗುತ್ತಿತ್ತು. ಮತ್ತೆ ಕತ್ತರಿ ಎಂಬ ಮಾತು ಕೇಳಿ ಅಳುತ್ತಿದ್ದಾಳೆ ಪಾಪ ಎಂದು ಕೌದಿಯನ್ನು ಭುಜದವರೆಗೆ ಎಳೆದು ಹೊದಿಸಿದೆ.

ಇದ್ದೊಬ್ಬ ಮಗಳು ನಂದವರಂನಲ್ಲಿ ಹಸಿ ಬಾಣಂತಿ. ಆಕೆ ಬರುವ ಹಾಗಿಲ್ಲ. ಗೌರಮ್ಮನ ಸ್ನಾನ, ಸೀರೆಯ ಕೆಲಸವನ್ನು ಪಕ್ಕದ ಮನೆಯ ಪಾರ್ವತತ್ತೆ ನೋಡಿಕೊಳ್ಳುತ್ತೇನೆಂದರು. ಉಳಿದ ಸಕಲ ಸಂಸಾರಭಾರವನ್ನು ನಾನು ಸ್ವಇಚ್ಛೆಯಿಂದ, ಪೂರ್ಣ ಪ್ರಜ್ಞೆಯಿಂದ ವಹಿಸಿಕೊಂಡೆ. ಪೇಟೆಯಲ್ಲಿ ಬೆಟ್ಟದಂಥ ಹತ್ತಿಯ ರಾಶಿಗಳನ್ನು ವಿಲೇವಾರಿ ಮಾಡುವವನಿಗೆ ಒಂದು ಹಿಡಿ ಜೋಳದ ಹಿಟ್ಟು ಯಾವ ಲೆಕ್ಕ?

ಲೆಕ್ಕ ತಪ್ಪಿತು. ಹಿಟ್ಟಿಗೆ ನೀರು ಹೆಚ್ಚಾಯಿತೆಂದು ಹಿಟ್ಟು ಹಾಕಿದೆ, ಹಿಟ್ಟು ಹೆಚ್ಚಾಯಿತೆಂದು ನೀರು ಹಾಕಿದೆ. ಹೀಗೆ ನ್ಯಾಯ ತೀರ್ಮಾನವಾಗುವ ಹೊತ್ತಿಗೆ ಊರಿಗೆಲ್ಲ ದಾಸೋಹ ಮಾಡುವಷ್ಟು ಹಿಟ್ಟು ಕಲಸಿ ಕೂತಿದ್ದೆ! ರೊಟ್ಟಿ ತಟ್ಟಲು ಕೈಯೆತ್ತಿದರೆ ಅದೂ ನನ್ನ ಕೈಯ ಜೊತೆಗೇ ಎದ್ದು ಬರುತ್ತಿತ್ತು. ಬಿಡಿಸಿ ಹಂಚಿಗೆ ಹಾಕಿದರೆ ಹಂಚನ್ನು ಬಿಡಲೊಲ್ಲದು. ಕೊನೆಗೆ ಹಂಚನ್ನೇ ತಿರುವಿ ಹಾಕಿ ಹಿಂದಿನಿಂದ ಒನಕೆಯಲ್ಲಿ ಗುದ್ದಿದೆ. ಬಿತ್ತು. ಅದನ್ನು ತಾಟಿನಲ್ಲಿಟ್ಟು, ಹಾಲಿನ ಬಟ್ಟಲು ಹಿಡಿದು, ಮುಖ ಬಿಗಿದುಕೊಂಡೇ ಮಂಚದ ಹತ್ತಿರ ಹೋದೆ.

"ರೊಟ್ಟಿ ತಂದೀನಿ. ಹಾಲಾಗ ನೆನಸಿ ತಿನ್ನಬೇಕಂತ ಡಾಕ್ಟರ್ ಹೇಳ್ಯಾರ."

ಗೌರಮ್ಮ ತಾಟು ನೋಡಿದಳು. "ರೊಟ್ಟಿ ಎಲ್ಲೈತ್ರಿ?"

"ತಾಟಿನಾಗ ಐತಲ್ಲ."

"ಹೌದಾ? ನಾನು ಒಲೀಗೆ ಹಾಕಾಕ ಕುಳ್ಳು ತಂದೀರಿ ಅಂತ ಮಾಡಿದ್ದೆ."

ಇಷ್ಟು ಹೇಳಿ ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿದಳು. ಹಸಿವು ತಾಳದೆ ಸೀರೆಯನ್ನೇ ಕಚ್ಚುತ್ತಿದ್ದಾಳೆಂದು ನಾನು ಗಾಬರಿಯಾದೆ. ರೊಟ್ಟಿ ಇಡೀ ಮಧ್ಯಾಹ್ನ ಹಾಲಿನಲ್ಲಿ ನೆನೆಯಿತು. ಹಾಲು ಕೆಟ್ಟಿತೇ ಹೊರತು ರೊಟ್ಟಿ ಕದಲಲಿಲ್ಲ. ಹಿತ್ತಲಿಗೆ ಹಾಕಿದೆ. ಪಾರ್ವತತ್ತೆಯ ಎಮ್ಮೆ ಬಂದು ಮೂಸಿ, ನನ್ನ ಮುಖವನ್ನೊಮ್ಮೆ ನೋಡಿ, ಹೋಯಿತು.

ಅಂದಿನಿಂದ ಗಂಜಿಯೇ ಗತಿಯಾಯಿತು. ಅದೂ ತಳ ಹತ್ತಿದ ಗಂಜಿ. ಅಡುಗೆಯಲ್ಲಿ ಸೋತರೇನು, ಡಾಕ್ಟರ ಮುಖ್ಯ ಆಜ್ಞೆಯನ್ನಂತೂ ಚಾಚೂ ತಪ್ಪದೆ ಪಾಲಿಸಬೇಕೆಂದು ಪಣತೊಟ್ಟೆ. ನಮ್ಮ ಮನೆಯ ಹೊಸ್ತಿಲೊಳಗೆ ಹಾಸ್ಯ, ತಮಾಷೆ, ಕುಚೋದ್ಯ ಇತ್ಯಾದಿಗಳನ್ನು ನಿಷೇಧಿಸಿದೆ. ಕಾವಲಿಗೆ ಬಾಗಿಲಲ್ಲಿ ನಾನೇ ಕೂತೆ. ಪಾರ್ವತತ್ತೆ ಬಾಯಿ ತೆರೆದರೆ ಕಲ್ಲಿಗೂ ನಗೆ ಬರುತ್ತದೆ. ಅವರನ್ನು ಮೊದಲು ತಡೆದೆ.

"ಅತ್ತೀ, ಆಕೀ ಮುಂದ ನಗೋ ಸುದ್ದಿ ತೆಗೀಬ್ಯಾಡ್ರಿ. ದುಃಖದ ಸುದ್ದಿ ಇದ್ರ ಹೇಳ್ರಿ, ನನ್ನ ಅಡ್ಡಿ ಇಲ್ಲ."

"ಅಯ್ಯ, ದುಃಖಕ್ಕೇನ್ ಬರ ಬಂದೈತೇನಪ್ಪ?" ಎಂದು ಪಾರ್ವತತ್ತೆ ಮಂಚದ ಪಕ್ಕ ಕೂತು, ಮೂಗು ಒರೆಸಿಕೊಂಡು ಶುರುಮಾಡಿದರು. "ಚಿಪ್ಪಗಿರಿಯಾಗ ನಮ್ಮ ಬೀಗರ ಮುದುಕ ತೀರಿಕೊಂಡ ನೋಡವ್ವ ಗೌರಿ. ಭಾಳ ಒಳ್ಳೇ ಮನುಷ್ಯ. ಅಳಾಕ ಹೋದೆ. ನನಗೋ ಕಣ್ಣು ಮಬ್ಬು. ನಮ್ಮ ಮಂದೀ ಸತ್ತೋರ್ನ ಗ್ವಾಡಿಗೆ ಒರಗಿಸಿ ಕುಂದ್ರಸ್ತಾರಲ್ಲ, ಹಂಗ ಕಣ್ಣು ಮುಚ್ಚಿ ಕುಂತಿದ್ದ ಪಾಪ, ಹಣೀ ತುಂಬ ಇಬೂತಿ. ಕಾಲಿನ ಮ್ಯಾಲೆ ಬಿದ್ದು, 'ಹೋದ್ಯಲ್ಲೋ ಅಣ್ಣ' ಅಂತ ಎದೀ ಎದೀ ಬಡಕೊಂಡೆ. ಅವ ಕಣ್ಣು ತೆರೆದು, 'ಯಾಕವ್ವ, ಯಾರ್ ಹೋದ್ರು?' ಅಂದ! ನೋಡ್ತೀನಿ, ಹೊಕ್ಕಿದ್ದು ಪಕ್ಕದ ಮನಿ! ಊಟ ಮಾಡಿ ತೂಕಡಿಸ್ತಿದ್ದ ಅಂವ!"

ಗೌರಮ್ಮ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಮುಖವನ್ನು ಕೌದಿಯೊಳಗೆ ಹುಗಿದಳು. ಇಡೀ ಮಂಚ ಕಿರ್ ಕಿರ್ ಎಂದಿತು. ನಾನು ಪಾರ್ವತತ್ತೆಯ ರಟ್ಟೆ ಹಿಡಿದು ಹೊರಗೆ ಸಾಗಹಾಕಿದೆ. "ಅಲ್ಲಪ್ಪ, ಸಾವಿನ ಸುದ್ದೀನ ಹೇಳಿದ್ದಲ್ಲ!" ಎಂದು ಅವರು ಅಂಗಳದಿಂದಲೂ ವಾದಿಸುತ್ತಿದ್ದರು.

ಹೀಗೇ ಎರಡು ವಾರ ಕಳೆದವು. ಒಳಗೊಬ್ಬಳೇ ಬೇಸರ ಮಾಡಿಕೊಂಡಾಳೆಂದು ಮಂಚವನ್ನು ಕಿಟಕಿಯ ಹತ್ತಿರ ಎಳೆದು ಹಾಕಿದೆ. ಬೀದಿ ನೋಡುತ್ತಾ ಮಲಗಲಿ, ನಮ್ಮ ಬೀದಿಯಲ್ಲಿ ನಗುವಂಥದ್ದೇನಿದೆ ಎಂಬುದು ನನ್ನ ಲೆಕ್ಕಾಚಾರ.

ಮಾರನೆಯ ಬೆಳಿಗ್ಗೆ ತರಕಾರಿ ಲಕ್ಷುಮಕ್ಕ ಬುಟ್ಟಿ ಹೊತ್ತು ಬಂದು ನಮ್ಮ ಬಾಗಿಲ ಮುಂದೆ ಇಳಿಸಿದಳು. ಪಕ್ಕದ ಹಳ್ಳಿಯ ಗಟ್ಟಿ ಹೆಂಗಸು, ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಬುಟ್ಟಿಯ ತುಂಬ ಎಳೇ ಬದನೆಕಾಯಿ. ನನಗೆ ಬೇಕಿದ್ದುದು ಒಂದು ಹಿಡಿ. ದರ ಕೇಳಬೇಕೆಂದು ಬಾಯಿ ತೆರೆದೆ. ಎದುರು ಮನೆಯ ಬಾಗಿಲಲ್ಲಿ ಇಬ್ಬರು, ಆಚೆ ಕಟ್ಟೆಯ ಮೇಲೆ ಮೂವರು ನಮ್ಮನ್ನೇ ನೋಡುತ್ತಿದ್ದಾರೆ! ನಾಲ್ಕು ಜನರೆದುರು ಬಾಯಿಬಿಟ್ಟು ದರ ಕಟ್ಟುವುದೇ? ನನ್ನ ಕಸುಬು ನನ್ನನ್ನು ಕೇಳದೆ ಕೆಲಸ ಮಾಡಿತು. ಹೆಗಲ ಮೇಲಿನ ಟವಲು ಜಾರಿತು, ಲಕ್ಷುಮಕ್ಕನ ಕೈಯ ಮೇಲೆ ಬಿತ್ತು, ನನ್ನ ಕೈ ಅದರೊಳಗೆ ಹೋಯಿತು. ಆಕೆಯ ಒಂದು ಬೆರಳನ್ನು ಮೃದುವಾಗಿ ಒತ್ತಿದೆ.

ಲಕ್ಷುಮಕ್ಕನ ಕಣ್ಣು ಇಷ್ಟಗಲವಾಯಿತು. "ಏಮಪ್ಪೋ! ಏನಿದು?"

ದರ ಕಡಿಮೆಯಾಯಿತೆಂದು ಮುನಿದಳು ಎಂದುಕೊಂಡೆ. ಮುಖ ಕಲ್ಲಿನಂತಿಟ್ಟುಕೊಂಡು ಎರಡು ಬೆರಳು ಒತ್ತಿದೆ.

"ಚೇಯಿ ಇಡ್ಸಪ್ಪಾ! ಕೈ ಬಿಡಂತೀನಿ! ನಡಿಬೀದಿಯಾಗ ಇದೇನ್ ನಿನ್ನ ಚೆಲ್ಲಾಟ!"

ಗಟ್ಟಿ ಆಸಾಮಿ, ಸುಲಭಕ್ಕೆ ಬಗ್ಗುವವಳಲ್ಲ! ಮನಸ್ಸಿನಲ್ಲೇ ಮೆಚ್ಚಿಕೊಂಡು ಮೂರನೆಯ ಬೆರಳನ್ನೂ ಹಿಡಿದೆ. ಲಕ್ಷುಮಕ್ಕ ಹಲ್ಲು ಕಡಿದು, ನನ್ನ ಕೈಯನ್ನು ಮುರಿದೇಬಿಡುವಂತೆ ಇಡಿಯಾಗಿ ಹಿಡಿದು ಅದುಮಿದಳು.

"ಮುಗೀತು!" ಎಂದು ಕೂಗಿದೆ. "ವ್ಯಾಪಾರ ಕುದುರ್ತು!"

ಅದೇ ಹೊತ್ತಿಗೆ ಸೈಕಲ್ಲಿನ ಮೇಲೆ ಹೊರಟಿದ್ದ ನನ್ನ ಜೊತೆಯ ದಲಾಲಿ ವಿರುಪಣ್ಣ ಟವಲು ಕಂಡಿದ್ದೇ ತಡ, ಬ್ರೇಕು ಹಾಕಿ ಇಳಿದ. ಟವಲು ಕಂಡರೆ ನಿಲ್ಲದ ದಲಾಲಿ ದಲಾಲಿಯೇ ಅಲ್ಲ.

"ಯಾವ ಮಾಲ್ರಿ ಬಸಪ್ಪನೋರ? ಎಷ್ಟಕ್ಕ ಮುಗೀತು?"

"ಬದನಿಕಾಯಿ," ಎಂದೆ. ಹಾಗೆಂದ ಮೇಲೆ ನನಗೆ ಎಚ್ಚರವಾಯಿತು.

"ಇಡೀ ಬುಟ್ಟೀನಾ? ನಾ ಸಾಕ್ಷಿ ಅದೀನಿ. ಕೈ ಅದುಮಿದ ಮ್ಯಾಲೆ ತಿರುಗಿಸೋ ಹಂಗಿಲ್ಲ!"

"ಇವನ್ ಸಾಕ್ಷಿ ಬ್ಯಾರೆ ಕೇಡು!" ಎಂದು ಲಕ್ಷುಮಕ್ಕ ಒಂದು ಬದನೆಕಾಯಿ ಎತ್ತಿ ವಿರುಪಣ್ಣನ ಟೋಪಿಗೆ ಗುರಿಯಿಟ್ಟಳು. ಟೋಪಿ ಹಾರಿತು. ಕಟ್ಟೆಯ ಮೇಲಿದ್ದವರು ಹೋ ಎಂದರು.

ಆಗ ಕಿಟಕಿಯಿಂದ ಒಂದು ಸದ್ದು ಬಂತು. ಮೊದಲು ಕಿಸಕ್, ಆಮೇಲೆ ಖೊಕ್, ಆಮೇಲೆ ಕಟ್ಟೆ ಒಡೆದ ಕೆರೆಯಂತೆ ನಗು. ಅದರ ಹಿಂದೆಯೇ, "ಅಯ್ಯಯ್ಯೋ, ಹೊಟ್ಟೀ!" ಎಂಬ ಕೂಗು. ಗೌರಮ್ಮ ಕಿಟಕಿಯಿಂದ ಮರೆಯಾದಳು.

ಡಾಕ್ಟರು ಹೇಳಿದ ಮಾತೆಲ್ಲ ಕಿವಿಯಲ್ಲಿ ಗುಂಯ್ಗುಟ್ಟಿತು. ಹೊಲಿಗೆ ಬಿಚ್ಚಿತು, ನಾನೇ ಬಿಚ್ಚಿಸಿದೆ! ಎಲ್ಲ ಬಿಟ್ಟು ಒಳಗೆ ಓಡಿದೆ. ಲಕ್ಷುಮಕ್ಕನ ಕೈಯೊಂದನ್ನು ಮಾತ್ರ ಬಿಡಲು ಮರೆತಿದ್ದೆ. ಹೀಗಾಗಿ ಟವಲಿನಡಿ ಕೈಕೈ ಹಿಡಿದುಕೊಂಡೇ ನಾವಿಬ್ಬರೂ ನನ್ನ ಹೆಂಡತಿಯ ಮುಂದೆ ಹೋಗಿ ನಿಂತೆವು. ಗೌರಮ್ಮ ನಮ್ಮನ್ನು ಮೇಲಿನಿಂದ ಕೆಳಗೆ ನೋಡಿದಳು. ಮತ್ತೆ ಶುರುವಾಯಿತು!

"ಗೌರೀ, ನಗಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ! ಹೊಲಿಗಿ ಬಿಚ್ಚಿ ನಿನಗೇನಾರ ಆದ್ರ ನಾ ಯಾರಿಗಾಗಿ ಇರ್ಲಿ?" ಎಂದು ಮಂಚದ ಬುಡದಲ್ಲಿ ಕುಸಿದೆ. ಕಣ್ಣಿಂದ ನೀರು ತಾನಾಗಿ ಹರಿಯಿತು. ಆ ಕ್ಷಣ ನನಗೆ ಪೇಟೆ, ಮರ್ಯಾದೆ ಯಾವುದೂ ಬೇಡವಾಗಿತ್ತು. ಈ ಒಂದು ಜೀವ ಉಳಿದರೆ ಸಾಕಾಗಿತ್ತು.

ಗೌರಮ್ಮ ನನ್ನ ತಲೆಯ ಮೇಲೆ ಕೈಯಿಟ್ಟಳು. "ಅಳಬ್ಯಾಡ್ರಿ... ನಿಮಗ ಕೈ ಮುಗೀತೀನಿ... ನೀವು ಅತ್ರ ಇನ್ನೂ ಜಾಸ್ತಿ ನಗು ಬರ್ತೈತಿ!"

ಲಕ್ಷುಮಕ್ಕ ಸಿಟ್ಟು ಮರೆತು ದಿಂಬು ಹಿಡಿದು ಆಕೆಯ ಹೊಟ್ಟೆ ಒತ್ತಿ ಕೂತಳು. ವಿರುಪಣ್ಣ ಸೈಕಲ್ ತುಳಿದು ಡಾಕ್ಟರನ್ನು ಕರೆತಂದ. ಪರೀಕ್ಷೆ ನಡೆಯುವಷ್ಟು ಹೊತ್ತು ನಾನು ಬಾಗಿಲ ಹೊರಗೆ ಶಿವ ಶಿವಾ ಎನ್ನುತ್ತಾ ನಿಂತಿದ್ದೆ. ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಹೊಲಿಗಿ ಕಲ್ಲಾಗಿ ಕುಂತೈತಿ. ಏನೂ ಆಗಿಲ್ಲ."

"ಇಷ್ಟ್ ನಕ್ರೂ ಬಿಚ್ಚಲಿಲ್ಲೇನ್ರಿ?"

ಒಳಗಿನಿಂದ ಗೌರಮ್ಮನೇ ಉತ್ತರ ಕೊಟ್ಟಳು. "ಇವತ್ತೊಂದಿನಾ ಏನ್ರಿ? ಬಳ್ಳಾರಿಯಿಂದ ಬಂದಾಗಿಂದ ದಿಂಬು ಒತ್ತಿಕೊಂಡು ನಗಾಕ ಹತ್ತೀನಿ. ಅದಕ್ಕೂ ಮೊದ್ಲು ಅಡಿಗಿಮನ್ಯಾಗ ಹೋಗಿ ನಕ್ಕು ಬರ್ತಿದ್ದೆ. ನಿಮ್ಮೆದುರಿಗೆ ನಕ್ರ ದಲಾಲರ ಗತ್ತು ಏನಾದೀತು ಪಾಪ, ಅಂತ."

ನನಗೆ ಒಂದೊಂದೇ ನೆನಪಾಯಿತು. ನಾನು ಏನಾದರೂ ಘನವಾದ ವಿಚಾರ ಹೇಳಲು ಶುರುಮಾಡಿದರೆ ಸಾಕು, ಗೌರಮ್ಮ, "ಅಯ್ಯ, ಹಾಲು ಉಕ್ಕತೈತಿ" ಎಂದು ಒಳಗೆ ಓಡುತ್ತಿದ್ದಳು. ಇಷ್ಟು ವರ್ಷ ನಾನು ಅದನ್ನು ನಂಬಿದ್ದೆ. ನಮ್ಮ ಮನೆಯಲ್ಲಿ ಅಷ್ಟು ಹಾಲಾದರೂ ಎಲ್ಲಿತ್ತು!

ಡಾಕ್ಟರು ಹೊರಡುವಾಗ ಹೊಸ ಆಜ್ಞೆ ಕೊಟ್ಟರು. "ಇನ್ನ ಮ್ಯಾಲೆ ಆಕಿ ನಗಲಿ. ಊಟ ರುಚಿಸ್ತೈತಿ, ಮೈ ಹಿಡೀತೈತಿ. ನಗಿಸೋ ಕೆಲಸ ನಿಮ್ದ."

ಕುದುರಿದ ಮಾತಿಗೆ ಕಟ್ಟುಬಿದ್ದು ಇಡೀ ಬುಟ್ಟಿ ಕೊಂಡು ಹಂಚಿದ್ದರಿಂದ, ಆ ವಾರವಿಡೀ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಬದನೆಕಾಯಿ ಪಲ್ಯ. ಲಕ್ಷುಮಕ್ಕ ಈಗ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ಬಂದು, "ಬಾಯಾಗ ಹೇಳಪ್ಪ, ಬಾಯಾಗ!" ಎನ್ನುತ್ತಿದ್ದಳು. ಗೌರಮ್ಮ ಮೊದಲ ಸಲ ಇನ್ನೊಂದು ಬಟ್ಟಲು ಗಂಜಿ ಕೇಳಿ ಹಾಕಿಸಿಕೊಂಡಳು. ತಳ ಹತ್ತಿದ ಗಂಜಿಯನ್ನೇ! ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಸರಕಾರಿ ಹುದ್ದೆ ಸಿಕ್ಕವನಂತೆ ನಾನು ನಗಿಸುವ ಕೆಲಸಕ್ಕೆ ಸಿದ್ಧನಾದೆ. ಗುಂತಕಲ್ಲಿನ ರೈಲಿನಲ್ಲಿ ನಿದ್ದೆಹೋದ ಹತ್ತಿ ವ್ಯಾಪಾರಿಯ ಕಥೆಯೊಂದನ್ನು ಕನ್ನಡಿಯೆದುರು ಬಾಯಿಪಾಠ ಮಾಡಿ, ಮರುದಿನ ಮಧ್ಯಾಹ್ನ ಬೀಸಣಿಗೆ ಹಿಡಿದು ಮಂಚದ ಪಕ್ಕ ಕೂತು, ಕೈಬಾಯಿ ತಿರುಗಿಸಿ, ದನಿ ಏರಿಸಿ ಇಳಿಸಿ ಹೇಳತೊಡಗಿದೆ. ವ್ಯಾಪಾರಿ ಇನ್ನೂ ಟಿಕೀಟು ಕೊಂಡಿರಲಿಲ್ಲ, ಗೌರಮ್ಮ ಆಕಳಿಸಿದಳು. ಅವನು ಡಬ್ಬಿ ಹತ್ತುವಷ್ಟರಲ್ಲಿ ಆಕೆ ಗೊರಕೆ ಹೊಡೆಯುತ್ತಿದ್ದಳು. ಅರ್ಧಕ್ಕೆ ಬಿಡಲು ಮನಸ್ಸಾಗದೆ ನಾನೊಬ್ಬನೇ ಪಿಸುಮಾತಿನಲ್ಲಿ ಕಥೆಯನ್ನು ಕೊನೆಯವರೆಗೆ ಹೇಳಿದೆ. ಕೊನೆಯ ಮಾತು ಬಂದಾಗ ನನಗೇ ತಡೆಯಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಬಾಯ್ತುಂಬ ನಕ್ಕುಬಿಟ್ಟೆ.

ಗೌರಮ್ಮ ಕಣ್ಣು ತೆರೆಯದೆಯೇ ಮಗ್ಗುಲು ಬದಲಿಸಿದಳು. "ಏನ್ರೀ, ಅಂಗಳದಾಗ ಯಾರದೋ ಕತ್ತೆ ಹೊಕ್ಕೈತಿ. ಹೊಡದು ಬರ್ರಿ."

ರೋಗಿಯ ನಿದ್ದೆ ಕೆಡಿಸಬಾರದಲ್ಲ. ನಾನು ಎದ್ದು ಅಂಗಳಕ್ಕೆ ಹೋಗಿ, "ಹೇಯ್! ಹೇಯ್!" ಎಂದು ಕೂಗಿ, ಬಾಗಿಲು ಮುಂದೆ ಮಾಡಿಕೊಂಡು ಬಂದು ಸುಮ್ಮನೆ ಬೀಸಣಿಗೆ ಎತ್ತಿಕೊಂಡೆ.