ಗುಮಾಸ್ತರ ಗತ್ತಿನ ಚಿತ್ರ

ಹೆಡ್ ಗುಮಾಸ್ತರಿಗೆ ಮನೆಯಲ್ಲಿ ತಮ್ಮ ಮಾತು ನಡೆಯುವುದಿಲ್ಲವೆಂಬುದೇ ದೊಡ್ಡ ಕೊರಗು. ಕಚೇರಿಯಲ್ಲಿ ಅವರು ಕೆಮ್ಮಿದರೆ ಫೈಲು ಓಡುತ್ತಿತ್ತು. ಮನೆಯಲ್ಲಿ ಕೆಮ್ಮಿದರೆ ಔಷಧಿ ಬರುತ್ತಿತ್ತು.

ಕಚೇರಿಯ ಹಜಾರದಲ್ಲಿ ಹಳೇ ಕಾಲದ ಸರದಾರರೊಬ್ಬರ ಆಳೆತ್ತರದ ಚಿತ್ರವಿತ್ತು. ಸೊಂಟದ ಮೇಲೊಂದು ಕೈ, ಕತ್ತಿಯ ಹಿಡಿಯ ಮೇಲೊಂದು ಕೈ, ಹಿಂದೆ ಕೆಂಪು ಪರದೆ. ಆ ಮಹಾನುಭಾವರು ಸತ್ತು ಎಷ್ಟು ಕಾಲವಾಯಿತೋ, ಜವಾನ ಇವತ್ತಿಗೂ ಅವರೆದುರು ಬೀಡಿ ಹಚ್ಚುವುದಿಲ್ಲ. (ಬದುಕಿರುವ ಗುಮಾಸ್ತರೆದುರು ಧಾರಾಳವಾಗಿ ಹಚ್ಚುತ್ತಾನೆ.) ತಮಗೂ ಅಂಥದೊಂದು ಚಿತ್ರ ಬೇಕೆಂದು ಗುಮಾಸ್ತರು ನಾಟಕದ ಪರದೆ ಬರೆಯುವ ಪೇಂಟರನ್ನು ಮನೆಗೆ ಕರೆತಂದರು.

“ಗತ್ತು ಮುಖದಲ್ಲಿಲ್ಲ ಸ್ವಾಮಿ, ನಿಲುವಿನಲ್ಲಿದೆ. ನೋಡೋನು ಕತ್ತೆತ್ತಬೇಕು, ನೀವು ಕಣ್ಣಿಳಿಸಬೇಕು” ಎಂದು ಪೇಂಟರ್ ಅವರನ್ನು ಸ್ಟೂಲು ಹತ್ತಿಸಿದ. ಕಿಟಕಿಯ ಪರದೆ ಬೆನ್ನ ಹಿಂದೆ ಬಂತು. ಕತ್ತಿಯ ಬದಲು ಛತ್ರಿ.

“ರೀ, ಅಟ್ಟದ ಮೇಲಿನ ಡಬ್ಬ ಇಳಿಸಬೇಕು, ಸ್ಟೂಲು ಕೊಡಿ!” ಒಳಗಿಂದ ಹೆಂಡತಿಯ ದನಿ. ಸರದಾರರು ಇಳಿದರು.

“ರೀ, ನಲ್ಲಿ ನೀರು ಬಂತು!” ಮತ್ತೆ ಇಳಿದರು.

“ರೀ, ಹಾಲು!” ಈ ಸಲ ಇಳಿಯಲಿಲ್ಲ, ಹಾರಿದರು.

ಪೇಂಟರ್ ಕುಂಚ ಕೆಳಗಿಟ್ಟ. “ಅಮ್ಮಾ, ಮುಖವೇನೋ ಮುಗೀತು. ಮೈ ಬರೆಯೋದಕ್ಕೆ ನೀವೇ ಒಂದಿಷ್ಟು ನಿಂತುಬಿಡಿ. ಮೇಲೆ ಹೇಗೂ ನಿಲುವಂಗಿ ಬರೀತೀನಿ, ಒಳಗೆ ಯಾರಿದ್ರೇನು?”

ಉಕ್ಕಿದ ಹಾಲು ಒರೆಸುತ್ತಿದ್ದ ಗುಮಾಸ್ತರಿಗೆ ಒಳಗೊಳಗೇ ಖುಷಿ. ತಮ್ಮ ಕೀರ್ತಿಗಾಗಿ ಹೆಂಡತಿಯೂ ಒಂದಿಷ್ಟು ದುಡಿಯಲಿ! ಆಕೆ ಸ್ಟೂಲು ಹತ್ತಿದ್ದೇ ತಡ, ಕೈ ತಾನಾಗಿ ಸೊಂಟಕ್ಕೆ ಹೋಯಿತು. ಪೇಂಟರ್‌ಗೆ ಏನನ್ನೂ ಹೇಳಿಕೊಡುವ ಪ್ರಮೇಯವೇ ಬರಲಿಲ್ಲ.

ಚಿತ್ರ ಗೋಡೆ ಏರಿದ ದಿನ ಹೆಂಡತಿಯ ತಮ್ಮ ಬಂದ. ಒಂದು ಸಲ ತಲೆಯೆತ್ತಿ ನೋಡಿದವನೇ ಚಪ್ಪಲಿಯನ್ನು ಹೊರಗೆ ಬಿಟ್ಟು, ಅಂಗಿಯ ಗುಂಡಿ ಹಾಕಿಕೊಂಡ. ಗುಮಾಸ್ತರ ಎದೆ ಉಬ್ಬಿತು.

“ಹೇಗಿದೆಯೋ?”

“ಮುಖ ನಿಮ್ಮದೇ, ಭಾವ. ಆದ್ರೆ ನಿಂತಿರೋದು ನಮ್ಮಕ್ಕ!”

“ಸುಮ್ನಿರೋ” ಎಂದು ಆಕೆ ಗಂಡನ ಪರ ವಹಿಸಿದಳು. “ಮೀಸೆ ಎಷ್ಟು ಲಕ್ಷಣವಾಗಿದೆ ನೋಡು. ಅದಂತೂ ಪೂರ್ತಿ ಅವರದೇ.”

ಮಾರನೆಯ ಬೆಳಿಗ್ಗೆ ಗುಮಾಸ್ತರು ಸ್ನಾನ ಮುಗಿಸಿ ಬಂದು ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಎಸೆಯಲು ಹೋದವರು ಗಕ್ಕನೆ ನಿಂತರು. ಗೋಡೆಯ ಮೇಲಿಂದ ತಮ್ಮದೇ ಮುಖ, ಸೊಂಟಕ್ಕೆ ಕೈಯಿಟ್ಟು, ಕಣ್ಣಿಳಿಸಿ ನೋಡುತ್ತಿತ್ತು.

“ಆಯ್ತು ಕಣೇ, ಹೊರಗೆ ಹರವ್ತೀನಿ” ಎಂದರು.

ಹೆಂಡತಿ ಆಗ ಮನೆಯಲ್ಲೇ ಇರಲಿಲ್ಲ.