ರೊಟ್ಟಿ ಪಕ್ಷದ ಉಪ್ಪಿಟ್ಟು

ಒಂದೇ ಕುರ್ಚಿಗೆ ಬಡಿದಾಡುವ ಇಬ್ಬರ ಮಾತು ಬೇರೆ ಬೇರೆ ಇರುತ್ತದೆಂದು ನಂಬಿದವರಲ್ಲಿ ನಾನೂ ಒಬ್ಬನಾಗಿದ್ದೆ. ಆ ನಂಬಿಕೆ ಹೋದದ್ದು ದೇಶದ ಚುನಾವಣೆಯಲ್ಲಲ್ಲ, ದಾಂಡೇಲಿಯ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಕಾರ್ಖಾನೆ ಆಗಿನ್ನೂ ಹೊಸದು. ಹೆಂಡತಿ ಮಕ್ಕಳನ್ನು ನನ್ನೂರು ಚಿಗಳ್ಳಿಯಲ್ಲೇ ಇರಿಸಿ ಬಂದ ಗುಮಾಸ್ತನಾದ ನನ್ನ ಹೊಟ್ಟೆಗೆ ಕ್ಯಾಂಟೀನೇ ಗತಿ. ಅದನ್ನು ನೋಡಿಕೊಳ್ಳಲು ನಾವೇ ಆರಿಸಿದ ಒಂದು ಕಮಿಟಿ ಇತ್ತು. ಯಾವ ಗುಂಪಿಗೆ ಎಷ್ಟು ಮತವೋ ಕಮಿಟಿಯಲ್ಲಿ ಅಷ್ಟು ಜಾಗ. ಹಳಿಯಾಳ, ಮುಂಡಗೋಡ ಕಡೆಯ ನಾವು ರೊಟ್ಟಿ ಪಕ್ಷ. ಜೋಯಿಡಾದವರು ಅನ್ನದ ಪಕ್ಷ. ನಮ್ಮ ಮುಂದಾಳು ಬಸಪ್ಪ ಸಭೆಯಲ್ಲಿ ಮೇಜು ಗುದ್ದಿ, "ಜ್ವಾಳದ ರೊಟ್ಟಿ ಇಲ್ಲಂದ್ರ ಮಷಿನ್ ಮುಟ್ಟಂಗಿಲ್ರಿ!" ಎನ್ನುತ್ತಿದ್ದ. ಅವರ ಮುಂದಾಳು ಗಾಂವಕರ ಅನ್ನ, ಮೀನಸಾರಿಗಾಗಿ ಅಷ್ಟೇ ಜೋರಾಗಿ ಗುದ್ದುತ್ತಿದ್ದ. ಮೇಜು ಮುರಿಯಿತು, ನಿಜ. ಆದರೆ ಊಟಕ್ಕೆ ಎರಡೂ ಸಿಗುತ್ತಿದ್ದವು.

ಕಾರ್ಖಾನೆಯ ಸಾಹೇಬರಿಗೆ ಈ ಗಲಾಟೆ ಸಾಕಾಯಿತು. ಇನ್ನು ಕಮಿಟಿ ಇಲ್ಲ, ಒಬ್ಬನೇ ಕಾರ್ಯದರ್ಶಿ, ಒಂದು ಮತ ಹೆಚ್ಚು ಬಿದ್ದವನದೇ ಕ್ಯಾಂಟೀನು ಎಂದು ಸಾರಿಬಿಟ್ಟರು. ರೊಟ್ಟಿಯವರೂ ಅನ್ನದವರೂ ಹೆಚ್ಚುಕಡಿಮೆ ಸಮಸಮ ಇದ್ದೆವು. ನಡುವೆ ಒಂದಿಷ್ಟು ಮದುವೆಯಾಗದ ಹುಡುಗರಿದ್ದರು; ಹಾಕಿದ್ದನ್ನು ತಿಂದು ಕೈತೊಳೆಯುವ ಜಾತಿ. ಅವರು ಒಲಿದವನಿಗೆ ಕುರ್ಚಿ. ಗಬಗಬನೆ ತಿಂದು ಏಳುವ ಅವರಿಗೆ ಉಪ್ಪಿಟ್ಟಾದರೆ ಸಾಕಂತೆ. ತಗೊಳ್ಳಿ, ವಾರದೊಳಗೆ ಬಸಪ್ಪನ ಬಾಯಲ್ಲೂ ಉಪ್ಪಿಟ್ಟು, ಗಾಂವಕರನ ಬಾಯಲ್ಲೂ ಉಪ್ಪಿಟ್ಟು! ಒಬ್ಬ ಉಳ್ಳಾಗಡ್ಡಿ ಹೆಚ್ಚು ಹಾಕಿಸುತ್ತಾನಂತೆ, ಇನ್ನೊಬ್ಬ ಕಾಯಿತುರಿ. ಇಷ್ಟು ದಿನದ ಸಿದ್ಧಾಂತಭೇದ ಕೊನೆಗೆ ಇಷ್ಟಕ್ಕೆ ಬಂದು ನಿಂತಿತು.

"ನಮ್ಮ ರೊಟ್ಟಿ ಎಲ್ಲಿ ಹೋತೋ ಬಸಪ್ಪಾ?" ಎಂದು ಕೂಗಾಡಿದೆ.

"ನೀವು ಹೆಂಗಿದ್ರೂ ನಮ್ಮವ್ರ ಅದೀರಿ," ಎಂದು ಆತ ತಣ್ಣಗೆ ನಕ್ಕ. "ನನ್ನ ಬಿಟ್ಟು ಗಾಂವಕರಗ ಓಟ್ ಹಾಕ್ತೀರೇನ್ರಿ?"

ಎಂಥ ಅನ್ಯಾಯ! ರೊಟ್ಟಿಗಾಗಿ ಜೀವ ಬಿಡುವ ನನ್ನನ್ನು ಕೇಳುವವರಿಲ್ಲ; ಯಾವುದಾದರೂ ಆದೀತು ಎನ್ನುವವನ ಬಾಗಿಲಿಗೆ ಇಬ್ಬರೂ ಅಲೆಯುತ್ತಾರೆ. ಪೇಟೆಯಲ್ಲಿ ಭಾಷಣ ಮಾಡುವ ದೊಡ್ಡ ಪಕ್ಷದವರೂ ಯಾಕೆ ಒಂದೇ ರಾಗ ಎಳೆಯುತ್ತಾರೆಂದು ಅಂದು ನನಗೆ ತಿಳಿಯಿತು. ಸಿಟ್ಟಿನ ಭರದಲ್ಲಿ ನಾನೇ ಚುನಾವಣೆಗೆ ನಿಂತೆ. ಅಪ್ಪಟ ರೊಟ್ಟಿ, ರಾಜಿ ಎಂಬ ಮಾತೇ ಇಲ್ಲ. ಬಸಪ್ಪ ಓಡಿ ಬಂದು, "ನಮ್ಮ ಓಟು ಒಡದು ಗಾಂವಕರನ್ನ ಗೆಲ್ಲಸ್ತೀರಿ, ಬ್ಯಾಡ್ರಿ," ಎಂದು ಗೋಗರೆದ. ನಾನು ಜಪ್ಪಯ್ಯ ಎನ್ನಲಿಲ್ಲ.

ಮರುದಿನ ಮತ ಕೇಳಲು ಆ ಹುಡುಗರ ಕೋಣೆಗೆ ಹೋದೆ. ಚಾಪೆಯ ಮೇಲೆ ಬಿದ್ದುಕೊಂಡಿದ್ದವನೊಬ್ಬ ಅರ್ಧ ಕಣ್ಣು ತೆರೆದು, "ನೀವು ಆರಿಸಿ ಬಂದ್ರ ಏನ್ ಮಾಡಸ್ತೀರ್ರಿ?" ಎಂದ. ರೊಟ್ಟಿ ಎನ್ನಲು ಬಾಯಿ ತೆರೆದೆ. ಕೋಣೆಯ ತುಂಬ ಮತಗಳು ಕೂತಿದ್ದವು.

"ಉಪ್ಪಿಟ್ಟು ಅವರೂ ಮಾಡಸ್ತಾರಪಾ ತಮ್ಮಾ," ಎಂದೆ. "ಆದ್ರ ನಂದ್ರಾಗ ತುಪ್ಪ ಇರ್ತೈತಿ."