ಅಂಜುಬುರುಕಿ ಅಧ್ಯಕ್ಷಿ

ಅಂಜುಬುರುಕಿಗೆ ಅಧಿಕಾರ ಬಂದ್ರ ಮಂದಿಗೆ ನಗಿ, ಆಕಿಗೆ ಹೊಟ್ಟಿ ನೋವು. ನಾನು ಪಂಚಾಯ್ತಿ ಅಧ್ಯಕ್ಷಿ ಆಗಿದ್ದಾಗ ವಾರಕ್ಕೊಂದರ ಇಂಥಾದ್ದು ಆಗೂದ. ಹಳೇ ಊರು ಡ್ಯಾಮಿನ ಹಿನ್ನೀರಾಗ ಮುಳುಗಿದ ಮ್ಯಾಲ ಬೀಳಗಿ ಕಡೆ ನಮಗ ಹೊಸ ಊರು ಕಟ್ಟಿಕೊಟ್ಟಿದ್ರು. ಕಣ್ಣ ಮುಂದ ಕೃಷ್ಣಾ ತುಂಬಿ ನಿಂತಾಳ, ಮನೀಗೆ ನಳಾ ಇಲ್ಲ. ಮಹಿಳಾ ಸೀಟು ಅಂತ ನನ್ನ ಆರಿಸಿ, "ನಳಾ ತರಸವಾ" ಅಂದ್ರು.

ಎಮ್ಮಿ ಮುಂದ ಭಾಷಣ

ಬೀಳಗ್ಯಾಗ ನಾಯಕತ್ವ ತರಬೇತಿ ಇಟ್ಟಿದ್ರು. ಕಲಿಸೂ ಮೇಡಮ್ಮಾರು ಮೊದಲ ದಿನಾನ, "ಎದ್ದು ನಿಂತು ನಿಮ್ಮೂರ ತೊಂದ್ರಿ ಹೇಳ್ರಿ" ಅಂದ್ರು. ಎದ್ದು "ನಮಸ್ಕಾರ" ಅಂದೆ. ಮುಂದ ಮಾತು ಬರಲಿಲ್ಲ, ಕಣ್ಣೀರು ಬಂತು.

ಅವರು ಬೈಲಿಲ್ಲ. "ಮನ್ಯಾಗ ಯಾರ ಮುಂದ ಅಂಜಿಕಿ ಇಲ್ಲೋ, ಅವರ ಮುಂದ ದಿನಾ ಮಾತಾಡಿ ರೂಢಿ ಮಾಡ್ಕೊರಿ" ಅಂದ್ರು. ನಮ್ಮ ಮನ್ಯಾಗ ಅಂಥಾದ್ದು ಎಮ್ಮಿ ಒಂದ. ಹಾಲು ಹಿಂಡೂ ಮುಂದ ಸೆರಗು ಸರಿ ಮಾಡ್ಕೊಂಡು, "ಮಾನ್ಯ ಸದಸ್ಯರೇ, ನಮ್ಮೂರಿಗೆ ನೀರಿಲ್ಲ" ಅಂತ ಶುರು ಹಚ್ಚಿದೆ. ಮೂರನೇ ದಿನ ಎಮ್ಮಿ ಒದ್ದು ಚರಗಿ ಉರುಳಿಸ್ತು.

ನಮ್ಮತ್ತಿ ಬಂದು ನೋಡಿ, "ಅದಕ್ಯಾಕ ಈ ಚಿಂತಿ ಹಚ್ಚತಿಯವಾ? ಅದು ಹೊಳಿಗೇ ಹೋಗಿ ಕುಡದು ಬರ್ತೈತಿ" ಅಂದ್ರು.

ಟಾವೆಲ್ ಖುರ್ಚಿ

"ಆಫೀಸಿಗೆ ಹೋದ್ರ ಬಾಗಿಲ್ದಾಗ ನಿಂದ್ರಬ್ಯಾಡ್ರಿ, ಖುರ್ಚಿ ಜಗ್ಗಿ ಕುಂದರ್ರಿ" ಅಂತ ತರಬೇತ್ಯಾಗ ಹೇಳಿಕೊಟ್ಟಿದ್ರು. ಪೈಪಿನ ಕೆಲಸಾ ಕೇಳಾಕ ಇಂಜಿನಿಯರ್ ಸಾಹೇಬರ ಹತ್ರ ಹೋದೆ. ರೂಮಿನ್ಯಾಗ ಯಾರೂ ಇರಲಿಲ್ಲ. ಅಂಜಿಕೀಲೆ ಮೊದಲ ಕೈಗೆ ಸಿಕ್ಕ ಖುರ್ಚಿ ಜಗ್ಗಿ ಕುಂತೆ. ಬೆನ್ನಿಗೆ ಬಿಳಿ ಟಾವೆಲ್ ಹತ್ತಿದ ಮ್ಯಾಲ ತಿಳೀತು, ಅದು ಸಾಹೇಬರ ಖುರ್ಚಿ.

ಏಳಬೇಕನ್ನೂದ್ರಾಗ ಸಾಹೇಬರು ಬಂದ್ರು. ಖರೆ ಹೇಳ್ತೀನ್ರಿ, ಏಳೂದು ಬಿಟ್ಟು ಖುರ್ಚಿ ಗಟ್ಟಿ ಹಿಡಕೊಂಡು ಕುಂತೆ. ಅವರು ನನ್ನ ನೋಡಿದ್ರು, ಖುರ್ಚಿ ನೋಡಿದ್ರು, ಮೆತ್ತಗ ಕೇಳಿದ್ರು: "ಬೆಂಗಳೂರಿಂದ ಬಂದೀರೇನ್ರಿ ಮೇಡಂ?"

ನಾನು ಊರ ಹೆಸರು ಹೇಳಿದೆ. ಅವರು ನಿಂತಲ್ಲೇ, "ಈ ವರ್ಷ ಒಂದ ಓಣಿಗೆ ಪೈಪ್ ಐತ್ರಿ. ಯಾವ ಓಣಿಗೆ ಅಂತ ಗ್ರಾಮಸಭಾದಾಗ ಠರಾವು ಮಾಡಿ ಕಳಸ್ರಿ" ಅಂದ್ರು.

ನನ್ನ ಕೂಡ ಬಂದು ಹೊರಗ ನಿಂತಿದ್ದ ನಮ್ಮ ಪಂಚಾಯ್ತಿ ಸೆಕ್ರೆಟರಿ ಊರ ತುಂಬ ಡಂಗುರಾ ಸಾರಿದ: "ನಮ್ಮ ಅಧ್ಯಕ್ಷರು ಸಾಹೇಬರನ್ನ ನಿಂದ್ರಿಸಿ ಮಾತಾಡಿದ್ರು."

ಗ್ರಾಮಸಭಾ

ಕೆಳಗಿನ ಓಣಿ ಹೆಣ್ಣುಮಕ್ಕಳು ಎರಡು ಮೈಲಿ ನಡದು ಕುಡಿಯೂ ನೀರು ತರ್ತಿದ್ರು. ಪೈಪ್ ಅವರಿಗೇ ಅಂತ ಮನಸಿನ್ಯಾಗ ಗಟ್ಟಿ ಮಾಡ್ಕೊಂಡಿದ್ದೆ. ನಮ್ಮ ಮಾವಾರು ಮಾತ್ರ ನಳಾ ನಮ್ಮ ಮ್ಯಾಲಿನ ಓಣಿಗೇ ಅಂತ ಮಂದಿಗೆ ಹೇಳಿಬಿಟ್ಟಿದ್ರು. ರಾತ್ರಿಯೆಲ್ಲಾ ನಿದ್ದಿ ಇಲ್ಲ.

ಸಭಾಕ್ಕ ಹೋಗಿ ನೋಡ್ತೀನಿ, ಮಾವಾರು ಮುಂದಿನ ಸಾಲಿನ್ಯಾಗ ಕುಂತಾರ. ಮಾವನ ಮುಂದ ಸೊಸಿ ಖುರ್ಚಿ ಮ್ಯಾಲ ಕೂಡೂ ಪದ್ಧತಿ ನಮ್ಮ ಕಡೆ ಇಲ್ಲ. ನಾನು ನಿಂತೆ. ಅಧ್ಯಕ್ಷರು ನಿಂತಾರಂತ ಸೆಕ್ರೆಟರಿ ನಿಂತ, ಸಭಾಕ್ಕ ಬಂದಿದ್ದ ಇಂಜಿನಿಯರ್ ಸಾಹೇಬರೂ ಎದ್ರು. ಅದನ್ನ ನೋಡಿ ಜಮಖಾನಿ ಮ್ಯಾಲಿನ ಮಂದಿಯೆಲ್ಲಾ ಎದ್ರು. ಮಾವಾರಿಗೆ ಕಾರಣಾ ತಿಳೀತು. "ನಾ ಇದ್ರ ಈ ಸಭಾ ಕೂಡಂಗಿಲ್ಲ" ಅಂತ ಹೊರಗ ಹೋಗಿ ಕಿಡಕಿ ಕೆಳಗ ಕುಂತ್ರು. ನಾವೂ ಕುಂತ್ವಿ.

"ಪೈಪ್ ಕೆಳಗಿನ ಓಣಿಗೆ" ಅಂದೆ. ಕಿಡಕಿಯಿಂದ ದನಿ ಬಂತು: "ಅಧ್ಯಕ್ಷರ, ಮ್ಯಾಲಿನ ಓಣಿ ಏನು ಪಾಪ ಮಾಡೇತ್ರಿ?"

 ಸೆರಗು ತಲಿ ಮ್ಯಾಲ ಜಗ್ಗಿಕೊಂಡು, ತರಬೇತ್ಯಾಗ ಕಲಿಸಿದ ನಿಯಮಾನ ಹೇಳಿದೆ: "ಹೊರಗ ಕುಂತವರು ಪ್ರಶ್ನಿ ಕೇಳಂಗಿಲ್ರಿ. ಒಳಗ ಬಂದು ಕೇಳ್ರಿ."

 ಮಾವಾರು ಮಾರಿ ಕೆಂಪಗ ಮಾಡ್ಕೊಂಡು ಒಳಗ ಬಂದ್ರು. ಬಂದ ಕೂಡ್ಲೆ ರೂಢಿಪ್ರಕಾರ ನಾನು ಎದ್ದೆ. ನಾನು ಎದ್ದಿದ್ದಕ್ಕ ಸೆಕ್ರೆಟರಿ, ಸಾಹೇಬರು, ಇಡೀ ಊರ ಎದ್ದು ನಿಂತಿತು.

ಮಾವಾರು ಸುತ್ತೂ ನೋಡಿದ್ರು. ತಲಿ ಮ್ಯಾಲಿನ ಪಟಗಾ ಸರಿ ಮಾಡ್ಕೊಂಡು ಅಂದ್ರು: "ಊರಿಗೆ ಊರ ಎದ್ದು ಮರ್ಯಾದಿ ಕೊಟ್ಟ ಮ್ಯಾಲ ಸಣ್ಣ ಮಾತು ಆಡಬಾರದು. ಕೆಳಗಿನ ಓಣಿಗೇ ಹಾಕ್ರಿ."